ಕೊಠಡಿ ಕೊಡದವರು ವೇದಿಕೆಯ ಮಾತಾಡಬಾರದು

ಕಳೆದ ಸಂಚಿಕೆಯ ಓದುಗರ ವಿಭಾಗದಲ್ಲಿ ಹಿರಿಯ ಸದಸ್ಯರೊಬ್ಬರ ಪತ್ರ ಪ್ರಕಟವಾಗಿದೆ. ಈ ಲೇಖನ ಅದಕ್ಕೆ ಉತ್ತರ. ಪತ್ರದ ಸಾರಾಂಶ ಇಷ್ಟು: ನಮ್ಮ ಸದಸ್ಯರ ಮಕ್ಕಳು ಕೆಲವರು ಗಿಟಾರು, ಡ್ರಮ್ಮುಗಳ ತಂಡವೊಂದನ್ನು ಕಟ್ಟಿಕೊಂಡು ರಾಜ್ಯೋತ್ಸವದ ದಿನ ಅರ್ಧ ಗಂಟೆಯ ಅವಕಾಶ ಕೇಳಿದ್ದಾರೆ, ಅದನ್ನು ಕೊಡಕೂಡದು. ಏಕೆಂದರೆ ರಾಕ್ ಸಂಗೀತ ಪರದೇಶದ ಗದ್ದಲ. ತಂಡದಲ್ಲಿ ಅರ್ಧದಷ್ಟು ಹುಡುಗರು ಕನ್ನಡಿಗರೇ ಅಲ್ಲ. ಸಂಘದ ಅಲ್ಪ ಹಣ ಅಸಲಿ ಕನ್ನಡ ಸಂಸ್ಕೃತಿಗೆ ಮೀಸಲಾಗಬೇಕು. ಪತ್ರ ಬರೆದವರ ಬಗ್ಗೆ ನನಗೆ ಗೌರವವಿದೆ. ಸಂಘದ ಗ್ರಂಥಾಲಯಕ್ಕಾಗಿ ಅವರು ಮನೆಮನೆ ತಿರುಗಿ ಪುಸ್ತಕ ಕೂಡಿಸಿದ್ದನ್ನು ಕಂಡವನು ನಾನು. ಆದರೆ ಅವರ ಪತ್ರ ಪೂರ್ತಿ ತಪ್ಪು ಎಂದು ಹೇಳದೆ ವಿಧಿಯಿಲ್ಲ.

ಪತ್ರವನ್ನು ನಾನು ಓದಿದ್ದು ವಿಶ್ವನಾಥ ಗಲ್ಲಿಯಲ್ಲಿ, ಒಂದು ಪ್ರಸಾದದ ಅಂಗಡಿಯ ಹಲಗೆಯ ಮೇಲೆ ಕುಳಿತು. ಕಾಶಿಗೆ ವರ್ಗವಾಗಿ ಬಂದ ಕನ್ನಡಿಗ ಅಧಿಕಾರಿಯ ಮನೆ ಧರ್ಮಛತ್ರಕ್ಕೆ ಸಮಾನ. ಅಜ್ಜಿಯ ಅಸ್ಥಿ ಹಿಡಿದು ಬರುವವರು, ಷಷ್ಟ್ಯಬ್ದಿ ಮುಗಿಸಿ ಬರುವವರು, ಬನಾರಸಿ ಸೀರೆಗೆಂದೇ ಬಂದು ವಿಶ್ವನಾಥನ ನೆಪ ಹೇಳುವವರು, ಹೀಗೆ ವರ್ಷವಿಡೀ ಬಂಧುಗಳ ಆಗಮನ. ಆ ದಿನ ನನ್ನ ಹೆಂಡತಿಯ ಅಣ್ಣನ ಸಂಸಾರ, ಏಳು ಜನ. ದೇವಸ್ಥಾನದೊಳಗೆ ಮೊಬೈಲು ಒಯ್ಯುವಂತಿಲ್ಲವಾದ್ದರಿಂದ ಗಲ್ಲಿಯ ಅಂಗಡಿಯವರು ತಾವೇ ಲಾಕರು ಇಟ್ಟುಕೊಂಡಿದ್ದಾರೆ. ಪ್ರಸಾದ ಕೊಂಡರೆ ಲಾಕರು ಪುಕ್ಕಟೆ. ಏಳೂ ಮೊಬೈಲುಗಳನ್ನು ಅಲ್ಲಿ ಇಡಿಸಿ, ಬಂಧುಗಳನ್ನು ಢುಂಢಿರಾಜ ಗಣಪತಿಯ ಕಡೆಗೆ ಸಾಗಹಾಕಿ, ನಾನು ಚೀಲದಿಂದ ಪತ್ರಿಕೆ ತೆಗೆದೆ. 2021ರ ಡಿಸೆಂಬರಿನಲ್ಲಿ ವಿಶ್ವನಾಥ ಧಾಮ ಉದ್ಘಾಟನೆಯಾದ ಮೇಲೆ ಗಂಗೆಯ ಕಡೆಯ ಎಷ್ಟೋ ಮನೆ, ಓಣಿಗಳು ಇಲ್ಲವಾದವು. ಈ ಗಲ್ಲಿ ಮಾತ್ರ ಇನ್ನೂ ಹಳೆಯ ಇಕ್ಕಟ್ಟಿನಲ್ಲಿಯೇ ಉಳಿದಿದೆ. ಎದುರಿಗೆ ಬಂದವರಿಗೆ ದಾರಿ ಬಿಡಲು ಭುಜ ಓರೆ ಮಾಡಬೇಕು. ಎಡಕ್ಕೆ ಮರದ ಆಟಿಕೆ, ಬಲಕ್ಕೆ ಬಳೆ, ಮುಂದೆ ಕುಂಕುಮದ ಗುಡ್ಡೆ, ರುದ್ರಾಕ್ಷಿಯ ಸರ.

ಪತ್ರದಲ್ಲಿ 'ಪರದೇಶದ ಗದ್ದಲ' ಎಂಬ ಮಾತಿಗೆ ಬರುವ ಹೊತ್ತಿಗೆ ಲಾಕರಿನ ಹುಡುಗ ತನ್ನ ಮೊಬೈಲಿನಲ್ಲಿ ಒಂದು ಹಾಡು ಹಚ್ಚಿದ. ಗಿಟಾರು, ಅದರ ಕೆಳಗೆ ದಪ್ಪ ತಂತಿಯ ಬೇಸ್, ಅವಸರವಿಲ್ಲದ ದನಿ. "ಯಾವ ಹಾಡಪ್ಪ ಇದು?" ಎಂದು ಹಿಂದಿಯಲ್ಲಿ ಕೇಳಿದೆ. ಅವನಿಗೆ ನನ್ನ ಅಜ್ಞಾನ ವಿಚಿತ್ರವೆನಿಸಿರಬೇಕು. "ಸಾಹೇಬರೇ, ಇದು ನಮ್ಮೂರಿನ ಹಾಡು. 'ಮಸಾನ್' ಸಿನಿಮಾದ್ದು" ಎಂದ. ನಮ್ಮೂರಿನ ಹಾಡು! ಹೆಣ ಸುಡುವ ಕುಟುಂಬದ ಹುಡುಗನೊಬ್ಬನ ಪ್ರೇಮ ಮತ್ತು ದುಃಖವನ್ನು ಕಾಶಿಯ ಘಾಟುಗಳಲ್ಲಿ ಇಟ್ಟು ನೀರಜ್ ಘಾಯ್ವಾನ್ ಅವರು 2015ರಲ್ಲಿ ಮಾಡಿದ ಚಿತ್ರ ಅದು. ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಹಾಡು ಬರೆದ ವರುಣ್ ಗ್ರೋವರ್ ಇದೇ ಊರಿನ ಹಿಂದೂ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿದವರು. ಹುಡುಗ ಹಚ್ಚಿದ್ದು 'ಮನ್ ಕಸ್ತೂರಿ'. ನಮ್ಮ ಸಂಘಗಳ ಭಾಷಣಗಳಲ್ಲಿ ಕನ್ನಡ ಕಸ್ತೂರಿ ಎಂಬ ಮಾತು ತಪ್ಪದೆ ಬರುತ್ತದೆ. ಕಸ್ತೂರಿಯ ಹಾಡು ಮಾತ್ರ ನನಗೆ ಹೀಗೆ ಒಂದು ಲಾಕರಿನ ಅಂಗಡಿಯಲ್ಲಿ ದೊರೆಯಿತು.

ಆ ಹಾಡಿಗೆ ಸಂಗೀತ ಕೊಟ್ಟವರು ದಿಲ್ಲಿಯ 'ಇಂಡಿಯನ್ ಓಷನ್' ಎಂಬ ರಾಕ್ ತಂಡ. ಅದರಲ್ಲಿ ಬೇಸ್ ಗಿಟಾರು ನುಡಿಸಿ ಹಾಡುವವರು ರಾಹುಲ್ ರಾಮ್. ಇವರ ತಂದೆ ದಿಲ್ಲಿ ವಿಶ್ವವಿದ್ಯಾಲಯದ ಹೆಸರಾಂತ ಸಸ್ಯವಿಜ್ಞಾನಿ ಎಚ್. ವೈ. ಮೋಹನ ರಾಮ್. ದೊಡ್ಡಪ್ಪ ಎಚ್. ವೈ. ಶಾರದಾ ಪ್ರಸಾದ್: 1942ರ ಚಳವಳಿಯಲ್ಲಿ ಜೈಲಿಗೆ ಹೋದವರು, ಮುಂದೆ ಪ್ರಧಾನಿಗಳ ಮಾಧ್ಯಮ ಸಲಹೆಗಾರರಾಗಿ ದಿಲ್ಲಿಯಲ್ಲಿದ್ದುಕೊಂಡೇ ಕಾರಂತರನ್ನು ಇಂಗ್ಲಿಷಿಗೆ ತಂದವರು. ಅಜ್ಜ ಹೊಳೆನರಸೀಪುರದ ಯೋಗಾನರಸಿಂಹಂ, ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಕೃತಿ ರಚಿಸಿದ ವಾಗ್ಗೇಯಕಾರರು. ಅವರ ರಚನೆಗಳು 'ಗೀತಕುಸುಮಾಂಜಲಿ' ಎಂಬ ಸಂಕಲನದಲ್ಲಿವೆ. ಹೊಳೆನರಸೀಪುರ ಎಂದಕೂಡಲೇ ರಾಜಕಾರಣ ಮಾತ್ರ ನೆನಪಾಗುವ ನಮ್ಮವರಿಗೆ ಈ ಇನ್ನೊಂದು ಹೊಳೆನರಸೀಪುರವೂ ತಿಳಿದಿರಲಿ.

ನಾನು ಇಷ್ಟು ವಂಶಾವಳಿ ಹೇಳಿದ್ದು ಅವರನ್ನು 'ನಮ್ಮವರು' ಎಂದು ಎಳೆದುಕೊಂಡು ಒಂದು ಶಾಲು, ಒಂದು ಫಲಕ ಕೊಟ್ಟು ಕೈತೊಳೆದುಕೊಳ್ಳುವುದಕ್ಕಲ್ಲ. ಆ ಚಟ ನಮ್ಮ ಸಂಘಗಳಿಗೆ ಮೊದಲೇ ವಿಪರೀತವಿದೆ. ಯಾರಾದರೂ ಪ್ರಸಿದ್ಧರಾದ ಮೇಲೆ ಅವರ ತಾತನ ಊರು ಹುಡುಕುವುದರಲ್ಲಿ ನಾವು ಪ್ರವೀಣರು. ನನ್ನ ಪ್ರಶ್ನೆ ಬೇರೆ. ಹೊರನಾಡಿನಲ್ಲಿ ನೆಲೆಸಿದ ಸಂಗೀತದ ಮನೆಯೊಂದರ ಮೂರನೆಯ ತಲೆಮಾರು ಗಿಟಾರು ಹಿಡಿಯಿತು. ಅದಕ್ಕೆ ಅಂಥ ಸಂಗೀತ ಸಾಧ್ಯವಾದದ್ದು ಹೇಗೆ? ನಮ್ಮ ನಡುವೆ ಇರುವ ಅಂಥದೇ ತಲೆಮಾರಿಗೆ ನಾವು ಏನು ಮಾಡುತ್ತಿದ್ದೇವೆ?

ತಂಡದ ಕಥೆ ಚಿಕ್ಕದಲ್ಲ, ಆದರೆ ಮುಖ್ಯವಾದದ್ದನ್ನು ಹೇಳಿಯೇ ಮುಂದುವರಿಯಬೇಕು. 1984ರ ಸುಮಾರಿಗೆ ದಿಲ್ಲಿಯಲ್ಲಿ ಸುಸ್ಮಿತ್ ಸೇನ್ ಎಂಬ ಗಿಟಾರು ವಾದಕರಿಗೂ, ತಬಲಾ ಬಾರಿಸುತ್ತ ಹಾಡುವ ಅಶೀಮ್ ಚಕ್ರವರ್ತಿಯವರಿಗೂ ಪರಿಚಯವಾಯಿತು. 1990ರಲ್ಲಿ ತಂಡಕ್ಕೆ ರೂಪ ಬಂತು. ಹೆಸರನ್ನು ಸೂಚಿಸಿದವರು ಸುಸ್ಮಿತರ ತಂದೆ. 1991ರಲ್ಲಿ ರಾಹುಲ್ ರಾಮ್ ಸೇರಿದರು. ಅವರು ಆಗ ತಾನೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ ಬಂದು ನರ್ಮದಾ ಬಚಾವೋ ಆಂದೋಲನದಲ್ಲಿ ತೊಡಗಿಕೊಂಡಿದ್ದರು. ನಮ್ಮ ಮಧ್ಯಮವರ್ಗದ ಮನೆಯಲ್ಲಿ ಇದನ್ನು ಏನೆನ್ನುತ್ತಿದ್ದರೆಂಬುದನ್ನು ನಾನು ವಿವರಿಸಬೇಕಾಗಿಲ್ಲ. 1993ರಲ್ಲಿ ಎಚ್‌ಎಂವಿಯಿಂದ ಮೊದಲ ಧ್ವನಿಸುರುಳಿ ಬಂತು. 1994ರಲ್ಲಿ ಡ್ರಮ್ಸ್ ಬಾರಿಸುವ ಅಮಿತ್ ಕಿಲಂ ಸೇರಿದರು. 1997ರ 'ಡೆಸರ್ಟ್ ರೇನ್' ಸ್ಟುಡಿಯೋದಲ್ಲಿ ಹುಟ್ಟಿದ್ದೇ ಅಲ್ಲ. ಸಫ್ದರ್ ಹಾಶ್ಮಿ ಸ್ಮರಣಾರ್ಥ ದಿಲ್ಲಿಯಲ್ಲಿ ನಡೆದ ಬಯಲು ಕಾರ್ಯಕ್ರಮದ ನೇರ ಮುದ್ರಣ. 2000ದಲ್ಲಿ 'ಕಂದೀಸ' ಬಂದಾಗ ಮಾತ್ರ ದೇಶ ಇವರನ್ನು ಕೇಳಿಸಿಕೊಂಡಿತು. ಅಂದರೆ ಹತ್ತು ವರ್ಷ. ಹತ್ತು ವರ್ಷ ಇವರು ಯಾವ ಸಿನಿಮಾದ ನೆರಳೂ ಇಲ್ಲದೆ, ಯಾವ ತಾರೆಯ ಮುಖವೂ ಇಲ್ಲದೆ, ಒಂದೊಂದು ಹಾಡನ್ನು ತಿಂಗಳುಗಟ್ಟಲೆ ಉಜ್ಜುತ್ತ ಕುಳಿತರು. ಇಂಗ್ಲಿಷ್ ಹಾಡುಗಳನ್ನು ಅನುಕರಿಸಿದ್ದರೆ ಕಾಲೇಜು ಉತ್ಸವಗಳಲ್ಲಿ ದುಡ್ಡು ಬೇಗ ಬರುತ್ತಿತ್ತು.

ಹಾಗಾದರೆ ಇವರು ಹಾಡಿದ್ದೇನು? ಪತ್ರ ಬರೆದ ಹಿರಿಯರು ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಬೇಕು. 'ಮಾ ರೇವಾ' ನರ್ಮದಾ ಕಣಿವೆಯ ಜನರ ಹಾಡು. ರೇವಾ ಎಂದರೆ ನರ್ಮದೆಯೇ. ಆಂದೋಲನದ ದಿನಗಳಲ್ಲಿ ಹಳ್ಳಿಯವರ ಬಾಯಿಂದ ರಾಹುಲ್ ರಾಮ್ ಅದನ್ನು ಕಲಿತು ತಂದರು. (ಸರ್ಕಾರಿ ನೌಕರನಾದ ನಾನು ಅಣೆಕಟ್ಟಿನ ಬಗ್ಗೆ ಅಭಿಪ್ರಾಯ ಹೇಳುವಂತಿಲ್ಲ, ಹಾಡಿನ ಬಗ್ಗೆ ಹೇಳುವುದಕ್ಕೆ ನಡತೆ ನಿಯಮಗಳ ಅಡ್ಡಿಯಿಲ್ಲ.) 'ಹಿಲ್ಲೇಲೇ' ಗೋರಖ್ ಪಾಂಡೆಯವರ ಹೋರಾಟದ ಗೀತೆ. 'ಕಂದೀಸ' ಕೇರಳದ ಸಿರಿಯನ್ ಕ್ರೈಸ್ತರ ಪ್ರಾಚೀನ ಸ್ತುತಿ, ಸುರಿಯಾನಿ ಭಾಷೆಯದು; ಪವಿತ್ರ ಎಂಬುದು ಆ ಪದದ ಅರ್ಥ. ಇಬ್ಬರು ಬಂಗಾಳಿಗಳು, ಒಬ್ಬ ಕಾಶ್ಮೀರಿ, ಕನ್ನಡಿಗ ತಂದೆಯ ಮಗನೊಬ್ಬ, ನಾಲ್ವರೂ ತಮ್ಮ ಮನೆಮಾತಲ್ಲದ, ಊರಿನ ಮಾತೂ ಅಲ್ಲದ ಒಂದು ಭಾಷೆಯ ಪ್ರಾರ್ಥನೆಯನ್ನು ಕಲಿತು ಹಾಡಿದರು. ಸಾವಿರಾರು ಹುಡುಗರು ಅರ್ಥ ತಿಳಿಯದೆಯೂ ಅದಕ್ಕೆ ದನಿಗೂಡಿಸಿದರು. ಇದನ್ನು ಗದ್ದಲ ಎನ್ನುವುದಾದರೆ ಗದ್ದಲಕ್ಕೆ ಬೇರೆ ವ್ಯಾಖ್ಯಾನ ಬೇಕು.

2003ರ 'ಝೀನಿ'ಯ ಶೀರ್ಷಿಕೆಗೀತೆ ಕಬೀರನದು. ಝೀನಿ ಎಂದರೆ ನಯವಾದದ್ದು, ತೆಳುವಾದದ್ದು, ಒಳ್ಳೆಯ ಮಗ್ಗದ ಬಟ್ಟೆಯ ಹಾಗೆ. ಕಬೀರ ಇದೇ ಕಾಶಿಯ ನೇಕಾರ. ನಾನು ಕುಳಿತಿದ್ದ ಗಲ್ಲಿಯಿಂದ ಗೊದೌಲಿಯಾ ಚೌಕಕ್ಕೆ ಬಂದು ದಕ್ಷಿಣಕ್ಕೆ ಹೊರಳಿದರೆ ಮೊದಲು ಸಿಗುವುದು ಜಂಗಮವಾಡಿ ಮಠ, ವೀರಶೈವರ ಕಾಶಿ ಪೀಠ. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಅದು ತಲೆತಲಾಂತರದ ಬಿಡಾರ. ಅದರ ಅಂಗಳದಲ್ಲಿ ನಿಂತರೆ ಇಂದಿಗೂ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಮದನಪುರ, ನೇಕಾರರ ಮೊಹಲ್ಲಾ. ನಮ್ಮ ಆದ್ಯ ವಚನಕಾರರಲ್ಲೊಬ್ಬನಾದ ಜೇಡರ ದಾಸಿಮಯ್ಯನೂ ನೇಕಾರನೇ. ಕಾಶಿಯ ನೇಕಾರನ ಪದ ಗಿಟಾರಿನ ಮೇಲೆ ಹತ್ತಿ ಇಪ್ಪತ್ತು ವರ್ಷದ ಮೇಲಾಯಿತು. ಅವನ ಬಟ್ಟೆಗೆ ಒಂದು ಎಳೆಯೂ ಮಾಸಿಲ್ಲ. ಮುದನೂರಿನ ನೇಕಾರನ ವಚನವನ್ನು ನಮ್ಮ ಮಕ್ಕಳು ಅದೇ ಗಿಟಾರಿಗೆ ಹತ್ತಿಸುತ್ತೇವೆಂದರೆ ಸಂಘದ ಕಾರ್ಯಕಾರಿ ಸಮಿತಿಗೆ ಮೈಲಿಗೆ!

ಪರದೇಶದ ವಾದ್ಯ ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಪಿಟೀಲು ಯಾವ ದೇಶದ್ದು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯರಿಂದ ಕಲಿತದ್ದು. ನಮ್ಮ ಮೈಸೂರು ಚೌಡಯ್ಯನವರು ಅದಕ್ಕೆ ಏಳು ತಂತಿ ಬಿಗಿದು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಆಗ ಯಾರೂ ಸಂಸ್ಕೃತಿ ಮುಳುಗಿತೆಂದು ಬರೆದ ಹಾಗೆ ಕಾಣೆ. ಶಾಸ್ತ್ರೀಯ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾಗಿದ್ದರು. ರಷ್ಯದ ಸಂಗೀತಗಾರ ಮೆಡ್‌ನರ್‌ನ ಕೃತಿಗಳ ಮುದ್ರಣಕ್ಕೆ ಮೈಸೂರಿನ ಹಣ ಕೊಟ್ಟರು. ಇನ್ನು ಹಾರ್ಮೋನಿಯಂ. ಕಂಪನಿ ನಾಟಕಗಳಿಂದ ಭಜನಾ ಮಂಡಳಿಯವರೆಗೆ ನಮ್ಮ ಉಸಿರಾಗಿರುವ ಈ ಪೆಟ್ಟಿಗೆಯನ್ನು ಪರದೇಶದ ವಾದ್ಯವೆಂದು, ಭಾರತೀಯ ಸ್ವರಗಳಿಗೆ ಒಗ್ಗದೆಂದು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಮೂವತ್ತು ವರ್ಷಗಳ ಆ ಸುತ್ತೋಲೆಯಿಂದ ಯಾವ ಸಂಗೀತ ಉದ್ಧಾರವಾಯಿತು? ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದವನಾಗಿ ಹೇಳುತ್ತೇನೆ: ವಾದ್ಯಗಳ ಪೌರತ್ವವನ್ನು ತೀರ್ಮಾನಿಸುವ ಕೆಲಸ ಸಮಿತಿಗಳದ್ದಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳುತ್ತೇನೆ. ಇಂಥ ತಂಡಗಳಲ್ಲಿ ಬಹುಪಾಲು ಕೆಟ್ಟವೇ. ಧ್ವನಿವರ್ಧಕವನ್ನೇ ಪ್ರತಿಭೆಯೆಂದು ತಿಳಿದವರು, ತಲೆಗೂದಲು ಬೆಳೆದಷ್ಟು ಅಭ್ಯಾಸ ಬೆಳೆಯದವರು ಬೇಕಾದಷ್ಟು ಜನ. ನನ್ನ ಕಿವಿಯೂ ಐವತ್ತು ದಾಟಿದ ಕಿವಿ. ಇಂಡಿಯನ್ ಓಷನ್‌ನವರೂ ಕೆಲವು ಹಾಡುಗಳನ್ನು ಅನಗತ್ಯವಾಗಿ ಎಳೆಯುತ್ತಾರೆಂದು ನನಗೆ ಅನ್ನಿಸಿದ್ದುಂಟು. ಆದರೆ ನಮ್ಮ ಸಂಘಗಳಲ್ಲಿ ಹಾಡುವ ಸುಗಮ ಸಂಗೀತಗಾರರೆಲ್ಲ ಒಳ್ಳೆಯವರೇ? ನವೆಂಬರಿನಲ್ಲಿ ಬೆಂಗಳೂರಿನಿಂದ ನಾವು ಕರೆಸುವ ವಾದ್ಯಗೋಷ್ಠಿಯ ವಿಷಯವನ್ನು ಯಾರಾದರೂ ಬಾಯಿಬಿಟ್ಟು ಹೇಳಲಿ. ವಿಮಾನದ ಟಿಕೇಟು, ಹೋಟೆಲು, ಮುಖ್ಯ ಅತಿಥಿಗೆ ಕಾರು; ಬಂದವರು ಸಿದ್ಧ ಟ್ರ್ಯಾಕು ಹಾಕಿಕೊಂಡು ಇಪ್ಪತ್ತು ಸಿನಿಮಾ ಹಾಡು ಹೇಳಿ, ನಡುವೆ "ಎಲ್ಲಿ, ಒಂದು ಜೋರು ಚಪ್ಪಾಳೆ" ಎಂದು ಕೂಗಿ ಹೊರಟುಬಿಡುತ್ತಾರೆ. ಪತ್ರ ಹೇಳುವ ಅಸಲಿ ಕನ್ನಡ ಸಂಸ್ಕೃತಿ ಇದೇ ಏನು? ಅದರಲ್ಲಿ ಗಿಟಾರು ಇಲ್ಲವೇ, ಡ್ರಮ್ಮು ಇಲ್ಲವೇ? ಇವೆ, ಆದರೆ ಅವನ್ನು ನುಡಿಸಿದವರು ಸ್ಟುಡಿಯೋದಲ್ಲಿಯೇ ಉಳಿದುಹೋಗಿದ್ದಾರೆ, ಅಷ್ಟೆ. ಬಾಡಿಗೆಯ ಗಿಟಾರು ಸಂಸ್ಕೃತಿ, ಮನೆಮಗ ಹಿಡಿದ ಗಿಟಾರು ಗದ್ದಲ.

ಕನ್ನಡಕ್ಕೆ ಇದು ಒಗ್ಗದು ಎನ್ನುವವರಿಗೂ ಉತ್ತರವಿದೆ. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವಥ್ ಹೊಸ ರಾಗಸಂಯೋಜನೆಯಲ್ಲಿ ಊರೂರಿಗೆ ಒಯ್ದಾಗ ಅದೂ ಪ್ರಯೋಗವೇ ಆಗಿತ್ತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಬಂದ ಜನಸಾಗರವನ್ನು ಯಾವ ಸಿನಿಮಾ ತಾರೆಯೂ ಕರೆತಂದಿರಲಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ತಂಡ 2008ರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವನ್ನು ರಾಕ್ ಶೈಲಿಯಲ್ಲಿ ಹಾಡಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದವರೆಗೂ ಹೋಯಿತು. ವಾಸು ದೀಕ್ಷಿತ್ ಅವರ 'ಸ್ವರಾತ್ಮ' ಕನ್ನಡ, ಹಿಂದಿ ಎರಡರಲ್ಲೂ ಹಾಡುತ್ತ ದೇಶ ತಿರುಗಿತು. ಇವರೆಲ್ಲ ಕರ್ನಾಟಕದಲ್ಲಿ ಕುಳಿತು ಇದನ್ನು ಮಾಡಿದರು; ಅವರ ಸುತ್ತ ಕನ್ನಡ ತಾನಾಗಿಯೇ ಇತ್ತು. ನಮ್ಮ ಮಕ್ಕಳ ಸುತ್ತ ಕನ್ನಡ ತಾನಾಗಿ ಇಲ್ಲ. ಅವರಿಗೆ ಶರೀಫರನ್ನಾಗಲಿ, ಮಾದೇಶ್ವರನ ಪದವನ್ನಾಗಲಿ ಯಾರಾದರೂ ಕೈಯಲ್ಲಿ ಇಡಬೇಕು. ನರ್ಮದೆಯ ಹಳ್ಳಿಗರು ದಿಲ್ಲಿಯ ಗಿಟಾರುಗಾರನ ಕೈಯಲ್ಲಿ ತಮ್ಮ ಹಾಡನ್ನು ಇಟ್ಟರು, ನೀನು ಯಾವ ಭಾಷೆಯವನೆಂದು ಕೇಳಲಿಲ್ಲ. ನಾವು ಕೇಳುತ್ತೇವೆ.

ನಾವು ಕೇಳುತ್ತೇವೆ ಎಂದು ಬಹುವಚನದಲ್ಲಿ ಬರೆದು ತಪ್ಪಿಸಿಕೊಳ್ಳುವುದು ಸರಿಯಲ್ಲ. ನಾನು ಕೇಳಿದ್ದೇನೆ. ಹಿಂದೆ ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿನ ಸಂಘದ ಕಾರ್ಯದರ್ಶಿಯಾಗಿದ್ದೆ. ಊರಿನ ಹೆಸರು ಬೇಡ. ಸದಸ್ಯರೊಬ್ಬರ ಮಗ, ಹದಿನೆಂಟರ ಹುಡುಗ, ಮೂವರು ಗೆಳೆಯರೊಡನೆ ನಮ್ಮ ಕಚೇರಿಗೆ ಬಂದ. ಗೆಳೆಯರಲ್ಲಿ ಒಬ್ಬನಷ್ಟೇ ಕನ್ನಡಿಗ. ಉಳಿದವರು ಆ ಊರಿನ ಹುಡುಗರು. ಅವನು ವೇದಿಕೆ ಕೇಳಲಿಲ್ಲ. ಸಂಘದ ಮೇಲ್ಮಹಡಿಯಲ್ಲಿ ಹಳೆಯ ಕುರ್ಚಿ, ಬ್ಯಾನರುಗಳನ್ನು ತುಂಬಿಟ್ಟ ಕೊಠಡಿಯೊಂದಿತ್ತು. ಅದನ್ನು ವಾರಕ್ಕೆ ಎರಡು ಸಂಜೆ ಅಭ್ಯಾಸಕ್ಕೆ ಕೊಡಿ ಎಂದ. ಬಾಡಿಗೆಯ ಫ್ಲ್ಯಾಟಿನಲ್ಲಿ ಡ್ರಮ್ಮು ಬಾರಿಸಿದರೆ ನೆರೆಯವರು ಜಗಳಕ್ಕೆ ಬರುತ್ತಾರೆ, ಗ್ಯಾರೇಜು ಇರುವ ಮನೆ ಯಾರದ್ದೂ ಇಲ್ಲ. ಪ್ರತಿಯಾಗಿ ರಾಜ್ಯೋತ್ಸವಕ್ಕೆ ಒಂದು ಕನ್ನಡ ಹಾಡು ಸಿದ್ಧಪಡಿಸುತ್ತೇವೆ, "ಅಂಕಲ್, ಶರೀಫರದ್ದು ಒಂದು ಬರೆದುಕೊಡಿ, ನನಗೆ ಓದೋಕೆ ಸರಿಯಾಗಿ ಬರಲ್ಲ, ನೀವು ಹೇಳಿದರೆ ಹಿಂದಿ ಅಕ್ಷರದಲ್ಲಿ ಬರ್ಕೋತೀನಿ" ಎಂದ. ಅವನ ಕೈಯಲ್ಲಿ ನೋಟ್‌ಬುಕ್ಕು ಇತ್ತು.

ನಾನು ವಿಷಯವನ್ನು ಸಮಿತಿಯ ಮುಂದಿಟ್ಟೆ. ಇಡುವಾಗಲೇ ನನ್ನ ಟಿಪ್ಪಣಿಯಲ್ಲಿ "ಸಂಘದ ನಿಯಮಾವಳಿಯ ಪ್ರಕಾರ ಸದಸ್ಯೇತರರಿಗೆ ಆವರಣದ ಬಳಕೆಗೆ ಅವಕಾಶವಿಲ್ಲ" ಎಂದು ಬರೆದಿದ್ದೆ. ಕಚೇರಿಯಲ್ಲಿ ಅರ್ಜಿ ತಿರಸ್ಕರಿಸಿ ಪಳಗಿದ ಕೈ. ಸಮಿತಿಯಲ್ಲಿ ಐದು ನಿಮಿಷವೂ ಚರ್ಚೆಯಾಗಲಿಲ್ಲ. ನಿರ್ಣಯಕ್ಕೆ ನಾನೇ ಸಹಿ ಹಾಕಿದೆ. ಆ ವರ್ಷದ ರಾಜ್ಯೋತ್ಸವಕ್ಕೆ ಅವನ ತಂದೆತಾಯಿ ಬಂದಿದ್ದರು, ಅವನು ಬರಲಿಲ್ಲ. ಮುಂದೆ ಅವನು ಹಾಡಿದ, ಚೆನ್ನಾಗಿಯೇ ಹಾಡಿದ ಎಂದು ಕೇಳಿದ್ದೇನೆ, ಹಿಂದಿಯಲ್ಲಿ. ಅವನ ತಾಯಿ ಒಮ್ಮೆ ತರಕಾರಿ ಮಾರುಕಟ್ಟೆಯಲ್ಲಿ ಎದುರಾದಾಗ ನನ್ನನ್ನು ದೂರಲಿಲ್ಲ. "ಅವನಿಗೆ ಈಗ ಕನ್ನಡದಲ್ಲಿ ಮಾತಾಡಿಸಿದರೆ ಹಿಂದಿಯಲ್ಲಿ ಉತ್ತರ ಕೊಡ್ತಾನೆ ಸಾರ್" ಎಂದರು. ಅಷ್ಟೇ ಹೇಳಿದ್ದು. ಹೊರನಾಡಿನಲ್ಲಿ ಹಿಂದಿ ನಮ್ಮ ಮಕ್ಕಳನ್ನು ನುಂಗುತ್ತಿದೆ ಎಂದು ನಾನು ಅನೇಕ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಆ ಹುಡುಗನ ವಿಷಯದಲ್ಲಿ ಹಿಂದಿ ಏನನ್ನೂ ನುಂಗಲಿಲ್ಲ. ನಾವು ಬಾಗಿಲು ಹಾಕಿದೆವು, ಅದು ತೆರೆಯಿತು.

ಇದನ್ನು ಇಲ್ಲಿ ಬರೆಯಲು ಕಾರಣ, ಇಂಡಿಯನ್ ಓಷನ್ ಕಥೆಯಲ್ಲಿಯೂ ಕೊಠಡಿಯೊಂದಿದೆ. 1997ರಿಂದ ಅವರು ದಿಲ್ಲಿಯ ಕರೋಲ್ ಬಾಗಿನ ಹಳೆಯ ಬಂಗಲೆಯೊಂದರಲ್ಲಿ ಅಭ್ಯಾಸ ಮಾಡುತ್ತಿದ್ದರು. ವಿಳಾಸ 16/330, ಖಜೂರ್ ರೋಡ್. 'ಕಂದೀಸ', 'ಝೀನಿ', 'ಬ್ಲ್ಯಾಕ್ ಫ್ರೈಡೇ' ಚಿತ್ರದ 'ಬಂದೇ', ಎಲ್ಲದಕ್ಕೂ ಹಿನ್ನೆಲೆಯಲ್ಲಿ ಆ ಗೋಡೆಗಳಿವೆ. 2009ರ ಡಿಸೆಂಬರ್ 25ರಂದು ಅಶೀಮ್ ಚಕ್ರವರ್ತಿ ಹೃದಯಾಘಾತದ ನಂತರದ ಅನಾರೋಗ್ಯದಿಂದ ತೀರಿಕೊಂಡರು. ಅವರು ಅದಕ್ಕೆ ಮೊದಲೇ ಹಾಡಿಟ್ಟಿದ್ದ ಹಾಡುಗಳನ್ನು ಉಳಿದವರು 2010ರಲ್ಲಿ ತಿಂಗಳಿಗೊಂದರಂತೆ ಅಂತರಜಾಲದಲ್ಲಿ ಉಚಿತವಾಗಿ ಬಿಟ್ಟರು. ಧ್ವನಿಮುದ್ರಣ ಕಂಪನಿಗಳ ಹಂಗು ಬೇಡವೆಂದು ಹೊರಟ ತಂಡ ಆ ಆಲ್ಬಮ್ಮಿಗೆ ಇಟ್ಟ ಹೆಸರು ಯಾವುದು ಗೊತ್ತೇ? '16/330 ಖಜೂರ್ ರೋಡ್'. ತಮ್ಮ ಕೊಠಡಿಯ ವಿಳಾಸ. ಪ್ರಶಸ್ತಿ ಕೊಟ್ಟವರ ಹೆಸರಲ್ಲ, ವೇದಿಕೆ ಕೊಟ್ಟವರ ಹೆಸರಲ್ಲ. 2013ರಲ್ಲಿ ಸುಸ್ಮಿತ್ ಸೇನ್ ತಂಡ ಬಿಟ್ಟರು, ಹೊಸಬರು ಬಂದರು, ಹಾಡು ನಿಲ್ಲಲಿಲ್ಲ. 2023ರಲ್ಲಿಯೂ 'ತೂ ಹೈ' ಎಂಬ ಆಲ್ಬಮ್ ಬಂತು.

ತಂಡ ಹುಟ್ಟುವುದು ಅಭ್ಯಾಸದ ಕೊಠಡಿಯಲ್ಲಿ. ವೇದಿಕೆಗೆ ಬರುವ ಹೊತ್ತಿಗೆ ಅದು ಒಂದೋ ಆಗಿರುತ್ತದೆ, ಇಲ್ಲವೋ ಕೆಟ್ಟಿರುತ್ತದೆ. ನಾವಾದರೋ ವೇದಿಕೆ ಬಿಟ್ಟರೆ ಬೇರೇನನ್ನೂ ಕಟ್ಟಲು ಕಲಿಯಲಿಲ್ಲ: ಹಿನ್ನೆಲೆಗೆ ಭುವನೇಶ್ವರಿಯ ಚಿತ್ರ, ಎರಡು ದೀಪದ ಕಂಬ, ಐದು ಕುರ್ಚಿ. ಆ ಐದು ಕುರ್ಚಿಗಳಿಗಾಗಿ ನಡೆಯುವ ಮಹಾಭಾರತವನ್ನು ಎಲ್ಲ ಊರಿನ ಸದಸ್ಯರೂ ಬಲ್ಲರು.

ಕಾಶಿಯಲ್ಲಿ ಇನ್ನೊಂದು ಮಾತು ನೆನಪಾಗುತ್ತದೆ. 1916ರಲ್ಲಿ ಇಲ್ಲಿ ಹಿಂದೂ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಪ್ರಥಮ ಕುಲಾಧಿಪತಿಗಳಾದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಮೈಸೂರಿನ ಅರಸರು ಕಾಶಿಯ ಹುಡುಗರ ಓದಿಗೆ ಕೈ ನೀಡುವಾಗ ಅವರಲ್ಲಿ ಮೈಸೂರಿನವರೆಷ್ಟು ಎಂದು ಲೆಕ್ಕ ಕೇಳಿರಲಾರರು. ತಂಡದಲ್ಲಿ ಅರ್ಧದಷ್ಟು ಹುಡುಗರು ಕನ್ನಡಿಗರಲ್ಲ ಎಂಬ ಆಕ್ಷೇಪಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ತೋಚುತ್ತಿಲ್ಲ. ಆ ಅರ್ಧದಷ್ಟು ಹುಡುಗರು ಕನ್ನಡ ಹಾಡು ಹಾಡಲು ಸಿದ್ಧರಾಗಿ ನಮ್ಮ ಬಾಗಿಲಿಗೆ ಬಂದಿದ್ದಾರೆ. ನಮ್ಮ ಸಂಘದ ಕನ್ನಡ ತರಗತಿಗೆ ಒಬ್ಬ ಪರಭಾಷಿಕನನ್ನು ಕರೆತರಲು ನಾವು ಎಷ್ಟು ಕರಪತ್ರ ಹಂಚಿದ್ದೇವೆ, ಎಷ್ಟು ಜನ ಬಂದಿದ್ದಾರೆ ಎಂಬ ಲೆಕ್ಕ ಖಜಾಂಚಿಗಳ ಬಳಿ ಇದೆ, ನೋಡಬಹುದು.

ಬಂಧುಗಳು ಎರಡೂವರೆ ಗಂಟೆಯ ಮೇಲೆ ಅನ್ನಪೂರ್ಣೆಯ ದರ್ಶನವನ್ನೂ ಮುಗಿಸಿಕೊಂಡು ಬಂದರು. ಹಣೆಗೆ ಭಸ್ಮ, ಕೊರಳಿಗೆ ಮಾಲೆ. ಹುಡುಗ ಲಾಕರು ತೆರೆಯುತ್ತಿದ್ದ, ಅವನ ಮೊಬೈಲಿನಲ್ಲಿ ಅದೇ ಚಿತ್ರದ ಮತ್ತೊಂದು ಹಾಡು. ಭಾವನ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳು ಹಾಡಿಗೆ ಮೆಲ್ಲಗೆ ದನಿಗೂಡಿಸಿದಳು. ಭಾವ, "ಏನಮ್ಮ ಅದು, ವಿಶ್ವನಾಥನ ಬಾಗಿಲಲ್ಲಿ?" ಎಂದು ರೇಗಿದರು. ನಾನು, "ಹೊಳೆನರಸೀಪುರದವರ ಮೊಮ್ಮಗನದು ಭಾವ" ಎಂದೆ. "ಯಾವ ಮನೆ?" ಎಂದರು ಅವರು ತಕ್ಷಣ. ಹೇಳಿದೆ. ಭಾವ ಚಪ್ಪಲಿ ಹಾಕಿಕೊಳ್ಳುವುದನ್ನು ಬಿಟ್ಟು ಹಾಡು ಮುಗಿಯುವವರೆಗೆ ನಿಂತರು. ಮನೆ ಯಾವುದೆಂದು ಗೊತ್ತಾಗದೆ ಅವರು ನಿಲ್ಲುತ್ತಿರಲಿಲ್ಲ, ಅದೂ ನಿಜ.

ಇಷ್ಟು ಬರೆದು ಸುಮ್ಮನಿರುವಂತಿಲ್ಲ. ಕಾಶಿಗೆ ವರ್ಗವಾದ ಮೇಲೂ ನಾನು ಈ ಸಂಘದ ಆಜೀವ ಸದಸ್ಯನಾಗಿ ಉಳಿದಿದ್ದೇನೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕೆಳಗಿನ ಠರಾವನ್ನು ಮಂಡಿಸಲು ಅನುಮತಿ ಕೋರಿ ಅಧ್ಯಕ್ಷರಿಗೆ ಪತ್ರ ಬರೆದಿದ್ದೇನೆ: ಸಂಘದ ಮೊದಲ ಮಹಡಿಯ ಸಾಮಾನು ಕೊಠಡಿಯನ್ನು ತೆರವುಗೊಳಿಸಿ ವಾರಕ್ಕೆ ಮೂರು ಸಂಜೆ, ಆರರಿಂದ ಒಂಬತ್ತರವರೆಗೆ, ಹಾಡು ವಾದ್ಯಗಳ ಅಭ್ಯಾಸಕ್ಕೆ ಯುವಕರಿಗೆ ಬಿಟ್ಟುಕೊಡತಕ್ಕದ್ದು, ತಂಡದಲ್ಲಿ ಯಾರ ಮನೆಮಾತು ಯಾವುದೆಂದು ಕೇಳತಕ್ಕದ್ದಲ್ಲ, ಕೇಳಿದವರಿಗೆ ಶರೀಫರ ಪದ, ದಾಸರ ಪದ, ವಚನಗಳನ್ನು ಅರ್ಥಸಹಿತ ಹೇಳಿಕೊಡಲು ಇಬ್ಬರು ಹಿರಿಯ ಸದಸ್ಯರನ್ನು ನೇಮಿಸತಕ್ಕದ್ದು, ಈ ವರ್ಷದ ವಾದ್ಯಗೋಷ್ಠಿಯ ಖರ್ಚಿನಲ್ಲಿ ಅರ್ಧವನ್ನು ಕೊಠಡಿಯ ಗೋಡೆಗಳಿಗೆ ಸದ್ದು ತಡೆಯುವ ಹೊದಿಕೆ ಹಾಕಿಸಲು ಬಳಸತಕ್ಕದ್ದು. ಹೇಳಿಕೊಡುವ ಇಬ್ಬರಲ್ಲಿ ಒಬ್ಬರಾಗಿ ಪತ್ರ ಬರೆದ ಹಿರಿಯರ ಹೆಸರನ್ನೇ ನಾನು ಸೂಚಿಸಲಿದ್ದೇನೆ. ಶರೀಫರನ್ನು ಅವರಷ್ಟು ಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಠರಾವಿಗೆ ಅನುಮೋದಕರೊಬ್ಬರು ಬೇಕು. ಸಭೆಗೆ ಬರಲು ಎರಡು ದಿನದ ಸಾಂದರ್ಭಿಕ ರಜೆಗೆ ಅರ್ಜಿ ಹಾಕಿದ್ದೇನೆ.